ರೈಟ್ ಸೋದರರ ಆಲೋಚನಾಕ್ರಮ

ಹೊಸದನ್ನು ಕಲ್ಪಿಸುವ ಶಕ್ತಿ ಹುಟ್ಟಿನಿಂದ ಬರುವುದೋ ಅಭ್ಯಾಸದಿಂದ ಕೂಡಿಬರುವುದೋ ಎಂಬ ಚರ್ಚೆ ನಮ್ಮಲ್ಲಿ ಹಳೆಯದು. ಆಲಂಕಾರಿಕರು ಕಾವ್ಯದ ವಿಷಯದಲ್ಲಿ ಪ್ರತಿಭೆ, ವ್ಯುತ್ಪತ್ತಿ, ಅಭ್ಯಾಸ ಎಂಬ ಮೂರನ್ನೂ ಹೇಳಿ, ಅವುಗಳಲ್ಲಿ ಯಾವುದು ಮೇಲೆಂಬುದನ್ನು ಕುರಿತು ಬಹುಕಾಲ ವಾದಿಸಿದರು. ಯಂತ್ರಗಳನ್ನು ಕಲ್ಪಿಸುವವರ ವಿಷಯದಲ್ಲಿಯೂ ಇದೇ ಪ್ರಶ್ನೆ ಏಳುವುದು ಸಹಜ. ಇಪ್ಪತ್ತನೆಯ ಶತಮಾನದಲ್ಲಿ ಪಶ್ಚಿಮದ ವಿದ್ವಾಂಸರು ಇದಕ್ಕೆ ನಿಯಮಗಳನ್ನೇ ಕಟ್ಟತೊಡಗಿದರು. ೧೯೨೬ರಲ್ಲಿ ಇಂಗ್ಲೆಂಡಿನ ಗ್ರಹಾಂ ವಾಲಸನು ಹೊಸ ಭಾವನೆಯ ಉದಯಕ್ಕೆ ಸಿದ್ಧತೆ, ಒಳಗೇ ಮಾಗುವಿಕೆ, ಬೆಳಕು ಮೂಡುವಿಕೆ, ಪರೀಕ್ಷೆ ಎಂಬ ನಾಲ್ಕು ಹಂತಗಳನ್ನು ಹೇಳಿದನು. ೧೯೫೩ರಲ್ಲಿ ಅಮೆರಿಕದ ಅಲೆಕ್ಸ್ ಆಸ್ಬರ್ನನು, ಹಲವರು ಕೂಡಿ ಕುಳಿತು ಯಾರೂ ಯಾರ ಮಾತನ್ನೂ ಟೀಕಿಸದೆ ತೋರಿದ್ದನ್ನೆಲ್ಲ ಹೇಳುತ್ತ ಹೋಗತಕ್ಕದ್ದೆಂಬ ಪದ್ಧತಿಯನ್ನು ತನ್ನ ಗ್ರಂಥವೊಂದರಲ್ಲಿ ವಿವರಿಸಿದನು. ಇಂತಹ ನಿಯಮಗಳನ್ನು ಬರಿಯ ನಿಯಮಗಳಾಗಿ ತೂಗಿ ನೋಡುವುದು ಕಷ್ಟ. ನಿಜವಾಗಿ ಏನನ್ನಾದರೂ ಕಂಡುಹಿಡಿದವರು ಹೇಗೆ ಯೋಚಿಸಿದರೆಂಬುದಕ್ಕೆ ಆಧಾರಗಳು ಉಳಿದುಬಂದಿದ್ದರೆ ಅಲ್ಲಿ ಒರೆಹಚ್ಚಿ ನೋಡಬಹುದು. ಅದೃಷ್ಟವಶಾತ್ ವಿಮಾನವನ್ನು ನಿರ್ಮಿಸಿದ ರೈಟ್ ಸೋದರರು ತಮ್ಮ ಪತ್ರಗಳನ್ನೂ ದಿನಚರಿಗಳನ್ನೂ ಛಾಯಾಚಿತ್ರಗಳನ್ನೂ ಉಳಿಸಿ ಹೋಗಿದ್ದಾರೆ.

ಬೈಸಿಕಲ್ಲು ರಿಪೇರಿ ಮಾಡುತ್ತಿದ್ದ ಇಬ್ಬರು ಹುಡುಗರು ಏನೋ ಕಟ್ಟಿದರು, ಅದು ಹೇಗೋ ಹಾರಿತು ಎಂಬ ಕಥೆ ಲೋಕದಲ್ಲಿ ಬಹಳ ಪ್ರಚಾರದಲ್ಲಿದೆ. ಈ ಕಾಕತಾಳೀಯದ ಕಥೆ ಕೇಳಲು ಇಂಪಾಗಿದೆಯೇ ಹೊರತು ಸತ್ಯಕ್ಕೆ ದೂರ. ಹಿರಿಯನಾದ ವಿಲ್ಬರನು ೧೮೬೭ರಲ್ಲಿಯೂ ಕಿರಿಯನಾದ ಆರ್ವಿಲನು ೧೮೭೧ರಲ್ಲಿಯೂ ಹುಟ್ಟಿದರು. ಅವರ ತಂದೆ ಕ್ರೈಸ್ತ ಪಾದ್ರಿ. ತಾಯಿ ಬಂಡಿ ಮಾಡುವವನ ಮಗಳು, ಕೈಕೆಲಸದಲ್ಲಿ ಜಾಣೆ. ಓಹಿಯೋ ಪ್ರಾಂತದ ಡೇಟನ್ ಪಟ್ಟಣದಲ್ಲಿ ಅವರು ಮೊದಲು ಮುದ್ರಣಾಲಯವನ್ನು ನಡೆಸಿ, ೧೮೯೨ರಲ್ಲಿ ಬೈಸಿಕಲ್ಲಿನ ಅಂಗಡಿಯನ್ನು ತೆರೆದರು. ಇಬ್ಬರಿಗೂ ಕಾಲೇಜಿನ ವಿದ್ಯೆ ಇಲ್ಲ. ಆದರೆ ಮನೆಯಲ್ಲಿ ಗ್ರಂಥಗಳು ತುಂಬಿದ್ದವು, ಓದುವ ಚಟವಿತ್ತು.

೧೮೯೬ರ ಆಗಸ್ಟಿನಲ್ಲಿ ಜರ್ಮನಿಯ ಆಟೋ ಲಿಲಿಯೆಂತಾಲನು ಗ್ಲೈಡರಿನಿಂದ, ಎಂದರೆ ಎಂಜಿನ್ನಿಲ್ಲದೆ ಗಾಳಿಯಲ್ಲಿ ಜಾರಿಬರುವ ಯಂತ್ರದಿಂದ, ಬಿದ್ದು ಮೃತನಾದನು. ಎರಡು ಸಾವಿರದಷ್ಟು ಸಲ ಗಾಳಿಯಲ್ಲಿ ತೇಲಿದ್ದ ಮಹಾಸಾಹಸಿ ಅವನು. ಈ ಸುದ್ದಿಯೇ ಸೋದರರ ಮನಸ್ಸನ್ನು ಹಾರಾಟದ ಕಡೆಗೆ ತಿರುಗಿಸಿತು. ೧೮೯೯ರ ಮೇ ೩೦ರಂದು ವಿಲ್ಬರನು ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ಸಂಸ್ಥೆಗೆ ಪತ್ರ ಬರೆದು, ಈ ವಿಷಯದಲ್ಲಿ ಅದುವರೆಗೆ ಅಚ್ಚಾದುದೇನಿದೆಯೆಂದು ಕೇಳಿದನು. ತನಗೆ ಹೊಳೆದುದನ್ನು ಹೇಳಿಕೊಳ್ಳುವುದಕ್ಕೆ ಮೊದಲು ಇತರರು ಕಂಡುದನ್ನು ತಿಳಿಯುವ ಈ ವಿನಯ ಸಾಮಾನ್ಯವಾದುದಲ್ಲ.

ಓದಿದ ಮೇಲೆ ಅವರು ಮಾಡಿದ ಮೊದಲನೆಯ ಕೆಲಸ ಪ್ರಶ್ನೆಯನ್ನು ಒಡೆದದ್ದು. ಹಾರುವುದೆಂಬುದು ಒಂದು ಸಮಸ್ಯೆಯಲ್ಲ, ಮೂರು: ಎತ್ತಿ ಹಿಡಿಯುವ ರೆಕ್ಕೆ, ಮುಂದಕ್ಕೆ ನೂಕುವ ಶಕ್ತಿ, ಗಾಳಿಯಲ್ಲಿ ಸಮತೂಕವನ್ನು ಕಾಯ್ದುಕೊಂಡು ಬೇಕಾದ ಕಡೆಗೆ ತಿರುಗುವ ಹಿಡಿತ. ರೆಕ್ಕೆಯ ವಿಷಯದಲ್ಲಿ ಲಿಲಿಯೆಂತಾಲನ ಅಂಕಿಗಳಿದ್ದವು. ಎಂಜಿನ್ನುಗಳು ಮೋಟಾರುಗಾಡಿಗಳ ದೆಸೆಯಿಂದ ದಿನೇದಿನೇ ಹಗುರವಾಗುತ್ತಿದ್ದವು. ಯಾರೂ ಬಿಡಿಸದೆ ಉಳಿದದ್ದು ಮೂರನೆಯದು. ಲಿಲಿಯೆಂತಾಲನ ಜೀವವನ್ನು ತೆಗೆದುದೂ ಅದೇ. ಅವನು ಐದು ವರ್ಷಗಳ ಅಭ್ಯಾಸದಲ್ಲಿ ಗಾಳಿಯಲ್ಲಿ ಕಳೆದದ್ದು ಒಟ್ಟು ಐದು ಗಂಟೆಗಳಷ್ಟು ಮಾತ್ರವೆಂದು ವಿಲ್ಬರನು ಲೆಕ್ಕ ಹಾಕಿದನು. ಐದು ಗಂಟೆಯ ಅಭ್ಯಾಸದಿಂದ ಬೈಸಿಕಲ್ಲನ್ನು ಸಂತೆಯ ಬೀದಿಯಲ್ಲಿ ಓಡಿಸುವ ಧೈರ್ಯ ಯಾರಿಗೆ ಬಂದೀತು?

ಬೈಸಿಕಲ್ಲಿನ ಹೋಲಿಕೆ ಇಲ್ಲಿ ಬರಿಯ ಅಲಂಕಾರವಲ್ಲ. ಆ ಕಾಲದ ಅನೇಕ ಪ್ರಯೋಗಶೀಲರು ವಿಮಾನವೆಂದರೆ ಹಡಗಿನಂತೆ ತಾನೇ ತಾನಾಗಿ ಸ್ಥಿರವಾಗಿ ನಿಲ್ಲಬೇಕು, ಚುಕ್ಕಾಣಿಯಿಂದ ಅತ್ತಿತ್ತ ತಿರುಗಬೇಕು ಎಂದು ಭಾವಿಸಿದ್ದರು. ಬೈಸಿಕಲ್ಲಾದರೋ ಕೈಬಿಟ್ಟರೆ ಬಿದ್ದುಹೋಗುವ ವಾಹನ. ಅದನ್ನು ನಿಲ್ಲಿಸುವವನು ಸವಾರ. ತಿರುಗಬೇಕಾದರೆ ಅವನು ಒಳಕ್ಕೆ ವಾಲಲೇಬೇಕು. ವಿಮಾನವೂ ಹೀಗೆಯೇ ಏಕಿರಬಾರದೆಂದು ಸೋದರರಿಗೆ ತೋರಿದ್ದು ಅವರ ಕಸುಬಿನಿಂದಲೇ. ನಮ್ಮ ನಿತ್ಯದ ಕಸುಬಿನಲ್ಲಿ ಕಂಡದ್ದನ್ನು ದೂರದ ವಿಷಯಕ್ಕೆ ಅನ್ವಯಿಸಿ ನೋಡುವುದು ಹೊಸ ಕಲ್ಪನೆಯ ದೊಡ್ಡ ಮೂಲವೆಂದು ನನ್ನ ಅಭಿಪ್ರಾಯ; ಆದರೆ ಹೋಲಿಕೆ ಎಲ್ಲಿಯವರೆಗೆ ಸಲ್ಲುವುದೆಂಬುದನ್ನು ಪ್ರಯೋಗವೇ ಹೇಳಬೇಕು. ರಣಹದ್ದಿನಂತಹ ಹಕ್ಕಿಗಳು ಒಲೆದಾಗ ರೆಕ್ಕೆಯ ತುದಿಗಳನ್ನು ತಿರುಚಿ ಮತ್ತೆ ಸಮಕ್ಕೆ ಬರುವುದನ್ನು ವಿಲ್ಬರನು ಗಮನಿಸಿದ್ದನು. ೧೮೯೯ರ ಬೇಸಗೆಯ ಒಂದು ದಿನ ಅಂಗಡಿಯಲ್ಲಿ ಗಿರಾಕಿಯೊಡನೆ ಮಾತನಾಡುತ್ತ, ಟ್ಯೂಬು ಇಡುವ ಉದ್ದನೆಯ ರಟ್ಟಿನ ಖಾಲಿ ಪೆಟ್ಟಿಗೆಯನ್ನು ಕೈಯಲ್ಲಿ ಸುಮ್ಮನೆ ತಿರುಚುತ್ತಿದ್ದನು. ಒಂದು ತುದಿ ಮೇಲಕ್ಕೆ, ಇನ್ನೊಂದು ತುದಿ ಕೆಳಕ್ಕೆ ತಿರುಚಿಕೊಂಡರೂ ಪೆಟ್ಟಿಗೆ ಮುರಿಯಲಿಲ್ಲ. ಮೇಲೊಂದು ಕೆಳಗೊಂದು ರೆಕ್ಕೆಯಿಟ್ಟು ತಂತಿಗಳಿಂದ ಹೀಗೆಯೇ ತಿರುಚಬಹುದೆಂದು ಹೊಳೆಯಿತು. ಅವನು ಕೂಡಲೇ ದೊಡ್ಡ ಯಂತ್ರವನ್ನು ಕಟ್ಟಲಿಲ್ಲ. ಐದಡಿಯ ಗಾಳಿಪಟವೊಂದನ್ನು ಮಾಡಿ ಪರೀಕ್ಷಿಸಿದನು.

೧೯೦೦ ಮತ್ತು ೧೯೦೧ರಲ್ಲಿ ಅವರು ಗಾಳಿಯೂ ಮರಳೂ ಧಾರಾಳವಾಗಿದ್ದ ಕಿಟಿ ಹಾಕ್ ಎಂಬ ಕಡಲತೀರದ ಹಳ್ಳಿಯ ಕಡೆಗೆ ಗ್ಲೈಡರುಗಳನ್ನು ಒಯ್ದರು. ಬಿದ್ದರೆ ಮೆತ್ತಗೆ ಬೀಳುವ ಸ್ಥಳವನ್ನು ಮೊದಲೇ ಆರಿಸಿಕೊಂಡದ್ದೂ ಆಲೋಚನಾಕ್ರಮದ ಒಂದು ಭಾಗವೇ. ೧೯೦೧ರ ಯಂತ್ರ ಅವರನ್ನು ಕಂಗೆಡಿಸಿತು. ಲೆಕ್ಕದ ಪ್ರಕಾರ ಬರಬೇಕಾದ ಎತ್ತುವ ಬಲದಲ್ಲಿ ಮೂರನೆಯ ಒಂದು ಪಾಲಿನಷ್ಟು ಮಾತ್ರ ಬಂದಿತು. ಹಿಂದಿರುಗುವಾಗ ವಿಲ್ಬರನು, ನಮ್ಮ ಜೀವಮಾನದಲ್ಲಿ ಮನುಷ್ಯನು ಹಾರಲಾರನೆಂಬ ಅರ್ಥದ ನಿರಾಶೆಯ ಮಾತನ್ನಾಡಿದನು. ಕೈಯಲ್ಲಿದ್ದ ಹಣ ಅವರದೇ. ತಪ್ಪಿದರೆ ಬೀಳುವ ದೇಹವೂ ಅವರದೇ.

ಇಲ್ಲಿಯೇ ಈ ಚರಿತ್ರೆಯ ತಿರುಳಿರುವುದು. ಇಂತಹ ಸ್ಥಿತಿಯಲ್ಲಿ ಸಾಮಾನ್ಯರು ಯಂತ್ರವನ್ನು ಇನ್ನಷ್ಟು ದೊಡ್ಡದು ಮಾಡಿ ನೋಡುತ್ತಾರೆ, ಇಲ್ಲವೆ ಕೈಬಿಡುತ್ತಾರೆ. ಸೋದರರು ತಾವು ನಂಬಿಬಂದ ಅಂಕಿಗಳನ್ನೇ ಸಂದೇಹಿಸಿದರು. ಮೊದಲು ಬೈಸಿಕಲ್ಲಿನ ಮುಂದೆ ಅಡ್ಡಲಾಗಿ ಸಡಿಲವಾಗಿ ತಿರುಗುವ ಮೂರನೆಯ ಚಕ್ರವನ್ನು ಕಟ್ಟಿ, ಅದರ ಅಂಚಿನಲ್ಲಿ ಒಂದು ಬಾಗಿದ ತಗಡನ್ನೂ ಒಂದು ಚಪ್ಪಟೆ ಹಲಗೆಯನ್ನೂ ನಿಲ್ಲಿಸಿ, ವೇಗವಾಗಿ ತುಳಿದು ಗಾಳಿ ಯಾವುದನ್ನು ಎಷ್ಟು ನೂಕುವುದೆಂದು ನೋಡಿದರು. ಪಟ್ಟಿಯಲ್ಲಿದ್ದ ಅಂಕಿಗಳಿಗೂ ಇದಕ್ಕೂ ತಾಳೆಯಾಗಲಿಲ್ಲ. ಅನಂತರ ಆರು ಅಡಿ ಉದ್ದ, ಒಳಗೆ ಹದಿನಾರು ಅಂಗುಲ ಚೌಕವುಳ್ಳ ಮರದ ಪೆಟ್ಟಿಗೆಯೊಂದನ್ನು ಮಾಡಿ, ಅಂಗಡಿಯ ಎಂಜಿನ್ನಿನಿಂದ ತಿರುಗುವ ಫ್ಯಾನಿನಿಂದ ಅದರೊಳಗೆ ಗಾಳಿಯನ್ನು ಹಾಯಿಸಿದರು. ಗಾಳಿಸುರಂಗವನ್ನು ಇಂಗ್ಲೆಂಡಿನವರು ಅದಕ್ಕೆ ಮೂವತ್ತು ವರ್ಷ ಮೊದಲೇ ಮಾಡಿದ್ದರು. ಸೋದರರ ಹಿರಿಮೆಯಿರುವುದು ಅದರೊಳಗಿಟ್ಟ ತಕ್ಕಡಿಯಲ್ಲಿ. ಹಳೆಯ ಗರಗಸದ ಅಲಗುಗಳಿಂದಲೂ ಬೈಸಿಕಲ್ಲಿನ ಕಡ್ಡಿಗಳಿಂದಲೂ ಮಾಡಿದ ಆ ತಕ್ಕಡಿ ರೆಕ್ಕೆಯ ಎತ್ತುವ ಬಲವನ್ನು ನೇರವಾಗಿ ಅಳೆಯುತ್ತಿರಲಿಲ್ಲ. ಅದೇ ಗಾಳಿಗೆ ಒಡ್ಡಿದ ಚಪ್ಪಟೆ ತಗಡುಗಳ ತಡೆಯೊಡನೆ ಹೋಲಿಸಿ ತೋರಿಸುತ್ತಿತ್ತು. ಗಾಳಿಯ ವೇಗ ಕೊಂಚ ಏರಿದರೂ ಇಳಿದರೂ ಎರಡಕ್ಕೂ ಸಮವಾಗಿಯೇ ತಾಕುವುದರಿಂದ ಹೋಲಿಕೆ ಕೆಡದು. ತಿಳಿಯದ ಅಂಕಿಯೊಂದನ್ನು ಲೆಕ್ಕದಿಂದಲೇ ಹೊರಗಿಟ್ಟುಬಿಡುವ ಈ ಜಾಣತನವನ್ನು ಕಂಡರೆ ಗಣಿತ ಬಲ್ಲವರಿಗೆ ಸಂತೋಷವಾಗುವುದು.

೧೯೦೧ರ ಡಿಸೆಂಬರಿನೊಳಗೆ ಸುಮಾರು ಇನ್ನೂರು ಬಗೆಯ ಸಣ್ಣ ರೆಕ್ಕೆಗಳನ್ನು ಹೀಗೆ ನೋಡಿ, ಅವುಗಳಲ್ಲಿ ಐವತ್ತರಷ್ಟನ್ನು ಕ್ರಮವಾಗಿ ಅಳೆದರು. ಒಂದು ಸಲಕ್ಕೆ ಒಂದೇ ಅಂಶವನ್ನು, ಬಾಗನ್ನೋ ಉದ್ದವನ್ನೋ ತುದಿಯ ಆಕಾರವನ್ನೋ, ಬದಲಿಸುವುದು ಅವರ ನಿಯಮವಾಗಿತ್ತು. ಅಗಲ ಕಿರಿದಾಗಿ ಉದ್ದ ಹೆಚ್ಚಿದ ರೆಕ್ಕೆ ಮೇಲೆಂಬುದು ತಿಳಿಯಿತು. ಜಾನ್ ಸ್ಮೀಟನನ ಕಾಲದಿಂದ, ಎಂದರೆ ೧೭೫೯ರಿಂದ, ಎಲ್ಲರೂ ಕಣ್ಣುಮುಚ್ಚಿ ಬಳಸುತ್ತಿದ್ದ ಗಾಳಿಯೊತ್ತಡದ ಅಂಕಿ ೦.೦೦೫ ತಪ್ಪು, ಅದು ೦.೦೦೩೩ರ ಸಮೀಪದ್ದು ಎಂದೂ ಖಚಿತವಾಯಿತು. ಲಿಲಿಯೆಂತಾಲನ ಪಟ್ಟಿ ಅವನದೇ ಆಕಾರದ ರೆಕ್ಕೆಗೆ ಬಹುಮಟ್ಟಿಗೆ ಸರಿಯೇ ಆಗಿತ್ತು. ಅದನ್ನು ಬೇರೆ ಆಕಾರದ ರೆಕ್ಕೆಗೆ ಹಚ್ಚಿದ್ದು ಸೋದರರ ದೋಷ. ಮೃತನಾದವನಿಗೆ ಸಲ್ಲಬೇಕಾದ ನ್ಯಾಯವನ್ನು ಅವರು ಸಲ್ಲಿಸಿದರು.

ವಾಲಸನು ಹೇಳುವ ಬೆಳಕು ಮೂಡುವ ಹಂತಕ್ಕೂ ಇಲ್ಲಿ ನಿದರ್ಶನವಿದೆ. ೧೯೦೨ರ ಗ್ಲೈಡರು ಚೆನ್ನಾಗಿ ತೇಲಿತಾದರೂ ಕೆಲವು ಸಲ ತಿರುಗುವಾಗ ತಗ್ಗಿದ ರೆಕ್ಕೆಯ ಕಡೆಗೆ ಜಾರಿ ಮರಳಿಗೆ ತಿವಿದು ಸುತ್ತುತ್ತಿತ್ತು. ಇದಕ್ಕೆ ಅವರು ‘ಬಾವಿ ತೋಡುವುದು’ ಎಂದು ಹಾಸ್ಯದ ಹೆಸರಿಟ್ಟಿದ್ದರು. ಅಕ್ಟೋಬರಿನ ಒಂದು ರಾತ್ರಿ ಕಾಫಿ ಹೆಚ್ಚಾಗಿ ನಿದ್ರೆ ಬಾರದೆ ಹೊರಳುತ್ತಿದ್ದ ಆರ್ವಿಲನಿಗೆ, ಹಿಂಬದಿಯ ನಿಶ್ಚಲವಾದ ಬಾಲವನ್ನು ತಿರುಗುವಂತೆ ಮಾಡಬೇಕೆಂದು ಹೊಳೆಯಿತು. ಬೆಳಗ್ಗೆ ಹೇಳಿದಾಗ ವಿಲ್ಬರನು ಕೊಂಚ ಯೋಚಿಸಿ, ಆ ಬಾಲದ ತಂತಿಯನ್ನು ರೆಕ್ಕೆ ತಿರುಚುವ ತಂತಿಗೇ ಜೋಡಿಸಿದರೆ ಸವಾರನಿಗೆ ಒಂದು ಕೆಲಸ ಉಳಿಯುವುದೆಂದನು. ಕಾಫಿಯ ಮಹಿಮೆಯನ್ನು ಇದರಿಂದ ಹೊಗಳುವವರು, ಅದಕ್ಕೆ ಹಿಂದೆ ಮೂರು ವರ್ಷಗಳ ದುಡಿಮೆಯಿತ್ತೆಂಬುದನ್ನೂ ನೆನೆಯಬೇಕು.

ಇಬ್ಬರ ವಾದಗಳ ವಿಷಯ ಇನ್ನೂ ಸ್ವಾರಸ್ಯವಾದದ್ದು. ಪ್ರೊಪೆಲ್ಲರನ್ನು ಹೇಗೆ ಮಾಡಬೇಕೆಂಬುದಕ್ಕೆ ಹಡಗಿನ ಗ್ರಂಥಗಳಲ್ಲಿ ಸಿದ್ಧಾಂತ ದೊರೆಯಲಿಲ್ಲ. ಅದು ಸುತ್ತುತ್ತ ಮುಂದೆ ಸಾಗುವ ರೆಕ್ಕೆಯೇ ಎಂದು ಕಂಡುಕೊಂಡ ಮೇಲೆಯೂ ತಿಂಗಳುಗಟ್ಟಲೆ ಕಲಹ ನಡೆಯಿತು. ಗಟ್ಟಿಯಾಗಿ ಕೂಗಾಡಿ, ಕೊನೆಗೆ ನೋಡಿದರೆ ಇಬ್ಬರೂ ಪಕ್ಷ ಬದಲಿಸಿ, ಅಣ್ಣನು ತಮ್ಮನ ಮೊದಲ ಮಾತನ್ನೂ ತಮ್ಮನು ಅಣ್ಣನ ಮಾತನ್ನೂ ಹಿಡಿದಿರುತ್ತಿದ್ದರಂತೆ. ನಮ್ಮ ನೈಯಾಯಿಕರು ತತ್ತ್ವನಿರ್ಣಯಕ್ಕಾಗಿ ಮಾಡುವ ಮಾತಿಗೆ ವಾದವೆಂದೂ ಗೆಲವಿಗಾಗಿ ಮಾಡುವುದಕ್ಕೆ ಜಲ್ಪವೆಂದೂ ಹೆಸರಿಟ್ಟರು. ಇದು ಶುದ್ಧವಾದ ವಾದ. ಟೀಕೆಯನ್ನು ದೂರವಿಟ್ಟರೆ ಭಾವನೆಗಳು ಹೆಚ್ಚುವುವೆಂಬ ಆಸ್ಬರ್ನನ ನಿಯಮ ಇಲ್ಲಿ ನಿಲ್ಲುವುದಿಲ್ಲ. ೧೯೫೮ರಲ್ಲಿ ಯೇಲ್ ವಿಶ್ವವಿದ್ಯಾಲಯದಲ್ಲಿ ಪರೀಕ್ಷಿಸಿದಾಗಲೂ, ಬೇರೆ ಬೇರೆ ಕುಳಿತು ಯೋಚಿಸಿದವರ ಭಾವನೆಗಳನ್ನು ಒಟ್ಟುಗೂಡಿಸಿದರೆ ಅವು ಕೂಡಿ ಕುಳಿತವರವಕ್ಕಿಂತ ಹೆಚ್ಚಾಗಿದ್ದವು. ಟೀಕೆ ಕೊಲ್ಲುವುದು ಅಭಿಮಾನವಿರುವಲ್ಲಿ. ಒಬ್ಬರ ಮೇಲೊಬ್ಬರಿಗೆ ಸಂದೇಹವಿಲ್ಲದವರಲ್ಲಿ ಅದು ಸಾಣೆಯಾಗಿ ಪರಿಣಮಿಸುತ್ತದೆ.

ಉಳಿದದ್ದು ವಾಚಕರಿಗೆ ತಿಳಿದ ಕಥೆ. ಅಂಗಡಿಯ ಕುಶಲಿ ಚಾರ್ಲಿ ಟೇಲರನು ಆರು ವಾರಗಳಲ್ಲಿ ಎಂಜಿನ್ನನ್ನು ಮಾಡಿದನು. ೧೯೦೩ರ ಡಿಸೆಂಬರ್ ೧೭ರಂದು ಮೊದಲನೆಯ ಹಾರಾಟ ೧೨ ಸೆಕೆಂಡು, ೧೨೦ ಅಡಿ. ನಾಲ್ಕನೆಯದು ೫೯ ಸೆಕೆಂಡು, ೮೫೨ ಅಡಿ. ಒಟ್ಟು ಖರ್ಚು ಸಾವಿರ ಡಾಲರಿಗೂ ಕಡಿಮೆ. ಅದಕ್ಕೆ ಒಂಬತ್ತು ದಿನ ಮೊದಲು ಸ್ಮಿತ್ಸೋನಿಯನ್ನಿನ ಮುಖ್ಯಸ್ಥನಾದ ಲ್ಯಾಂಗ್ಲಿಯ ಯಂತ್ರ ಎರಡನೆಯ ಸಲ ಪೋಟೋಮ್ಯಾಕ್ ನದಿಯಲ್ಲಿ ಬಿದ್ದಿತ್ತು. ಅದಕ್ಕೆ ಯುದ್ಧ ಇಲಾಖೆಯೊಂದೇ ೫೦,೦೦೦ ಡಾಲರು ಕೊಟ್ಟಿತ್ತು. ಲ್ಯಾಂಗ್ಲಿ ದೊಡ್ಡ ವಿಜ್ಞಾನಿ. ಅವನ ಮಾದರಿಯಂತ್ರ ೧೮೯೬ರಲ್ಲಿಯೇ ಆಳಿಲ್ಲದೆ ಹಾರಿತ್ತು. ಮಾದರಿಯನ್ನು ಹಿಗ್ಗಿಸಿ ಬಲವಾದ ಎಂಜಿನ್ನನ್ನು ಕೂರಿಸಿದರೆ ಸಾಕೆಂದು ಅವನು ನಂಬಿದನು. ಹಾರಿಸಬೇಕಾದವನಿಗೆ ಗ್ಲೈಡರಿನ ಅಭ್ಯಾಸವೇ ಇರಲಿಲ್ಲ. ಸೋದರರಾದರೋ ಹಿಂದಿನ ವರ್ಷದ ಎರಡು ತಿಂಗಳಲ್ಲಿ ಸಾವಿರದ ಹತ್ತಿರ ಸಲ ಮರಳಿನ ಗುಡ್ಡದಿಂದ ತೇಲಿದ್ದರು.

ಇವರ ಚರಿತ್ರೆಯಲ್ಲಿ ಹಿತವಲ್ಲದ ಭಾಗವೂ ಇದೆ. ಹೊಗಳುವವರು ಅದನ್ನು ಬಿಟ್ಟುಬಿಡುತ್ತಾರೆ. ೧೯೦೬ರಲ್ಲಿ ಹಕ್ಕುಪತ್ರ ದೊರೆತ ಮೇಲೆ, ೧೯೦೯ರಿಂದ ಸೋದರರು ವ್ಯಾಜ್ಯಗಳಲ್ಲಿ ಮುಳುಗಿದರು. ಯುರೋಪಿನವರು ಅಷ್ಟರಲ್ಲಿ ಮುಂದೆ ಹೋದರು. ಎತ್ತರವನ್ನು ನಿಯಂತ್ರಿಸುವ ಭಾಗವನ್ನು ಇತರರು ಹಿಂದಕ್ಕೆ ಒಯ್ದಿದ್ದರೂ ಇವರು ೧೯೧೦ರವರೆಗೆ ಮುಂದೆಯೇ ಇಟ್ಟುಕೊಂಡಿದ್ದರು. ಎಲ್ಲರ ಅಂಕಿಗಳನ್ನೂ ಸಂದೇಹಿಸಿದವರಿಗೆ ತಮ್ಮ ಯಂತ್ರವನ್ನು ಸಂದೇಹಿಸುವುದು ಕಷ್ಟವಾಯಿತು. ೧೯೧೨ರ ಮೇ ೩೦ರಂದು ವಿಲ್ಬರನು ವಿಷಮಜ್ವರದಿಂದ ತೀರಿಕೊಂಡನು. ಅನಂತರ ಆರ್ವಿಲನಿಗೆ ವಾದ ಮಾಡಲು ಅಣ್ಣನಿರಲಿಲ್ಲ.

೧೯೧೪ರಲ್ಲಿ ಲ್ಯಾಂಗ್ಲಿಯ ಹಳೆಯ ಯಂತ್ರವನ್ನು ಹಲವು ಕಡೆ ತಿದ್ದಿ ಹಾರಿಸಿ, ಅದೇ ಮನುಷ್ಯನನ್ನು ಹೊತ್ತು ಹಾರಬಲ್ಲ ಮೊದಲ ಯಂತ್ರವಾಗಿತ್ತೆಂದು ಸ್ಮಿತ್ಸೋನಿಯನ್ನಿನವರು ಫಲಕ ಬರೆಯಿಸಿದರು. ಮನನೊಂದ ಆರ್ವಿಲನು ೧೯೨೮ರಲ್ಲಿ ತಮ್ಮ ಯಂತ್ರವನ್ನು ಲಂಡನ್ನಿನ ವಿಜ್ಞಾನ ಸಂಗ್ರಹಾಲಯಕ್ಕೆ ಕಳುಹಿಸಿಬಿಟ್ಟನು. ೧೯೪೨ರಲ್ಲಿ ಸಂಸ್ಥೆಯವರು ಆ ತಿದ್ದುಪಡಿಗಳ ಪಟ್ಟಿಯನ್ನು ಪ್ರಕಟಿಸಿ ತಮ್ಮ ಮಾತನ್ನು ಹಿಂತೆಗೆದುಕೊಂಡರು. ಯಂತ್ರ ಸ್ವದೇಶಕ್ಕೆ ಮರಳಿ ವಾಷಿಂಗ್ಟನ್ನಿನಲ್ಲಿ ಸ್ಥಾಪಿತವಾದದ್ದು ೧೯೪೮ರ ಡಿಸೆಂಬರ್ ೧೭ರಂದು. ಆರ್ವಿಲನು ಅದೇ ವರ್ಷದ ಜನವರಿಯಲ್ಲಿ ಕಾಲವಾಗಿದ್ದನು.