ಮಕ್ಕಳ ಪಾಲಿನ ಕೊಟ್ಟೆ

ಕುಂದಾಪುರ, ಬೈಂದೂರು, ಬ್ರಹ್ಮಾವರದ ಕಡೆಯ ಹಳೆಯ ಮನೆಗಳಲ್ಲಿ ಊಟಕ್ಕೆ ಹಟ ಮಾಡುವ ಮಗುವಿಗೆಂದು ಬೇರೆ ಅಡುಗೆ ಮಾಡುತ್ತಿರಲಿಲ್ಲ. ಅಡುಗೆಯ ಒಂದಿಷ್ಟು ಕೆಲಸವನ್ನೇ ಅದರ ಕೈಗೆ ಕೊಡುತ್ತಿದ್ದರು. ಪ್ರಾಥಮಿಕ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತಳಾದ ನನಗೆ, ಮಕ್ಕಳನ್ನು ಉಣ್ಣಿಸುವುದಕ್ಕೆ ಇದಕ್ಕಿಂತ ಒಳ್ಳೆಯ ಉಪಾಯ ಇನ್ನೂ ಕಂಡಿಲ್ಲ.

ಕೃಷ್ಣಾಷ್ಟಮಿಯ ಕೊಟ್ಟೆ ಕಡುಬನ್ನೇ ನೋಡಿ. ಉದ್ದು ನುಣ್ಣಗೆ ಅರೆದು ಅಕ್ಕಿ ತರಿ ಕಲಸುವುದು ದೊಡ್ಡವರ ಕೆಲಸ. ಹಲಸಿನ ಎಲೆ ಕೊಯ್ದು ತರುವುದು ಮಕ್ಕಳದ್ದು. ಬರೀ ಎಲೆ ತಂದರಾಗದು, ಒಂದೇ ಅಳತೆಯ ನಾಲ್ಕು ನಾಲ್ಕು ಆರಿಸಬೇಕು. ಹುಳ ತಿಂದದ್ದು, ತೂತು ಬಿದ್ದದ್ದು ಆಗದು, ಹಿಟ್ಟು ಸೋರುತ್ತದೆ. ನಾಲ್ಕೂ ಎಲೆಗಳನ್ನು ನಡುವೆ ಸೇರಿಸಿ ತೆಂಗಿನ ಗರಿಯ ಕಡ್ಡಿ ಚುಚ್ಚಿ, ಮೇಲಕ್ಕೆ ಮಡಚಿ, ಪಕ್ಕ ಪಕ್ಕದ ಎಲೆಗಳನ್ನು ಹೊಲಿದಂತೆ ಸೇರಿಸಿದರೆ ಕೊಟ್ಟೆಯಾಯಿತು. ಎಲೆಯ ಸುರುಳಿಯಲ್ಲಿ ಹಿಟ್ಟು ಹೊಯ್ದು ಬೇಯಿಸುವ ಮೂಡೆಗೆ ಬೇಕಾದ ಕೇದಗೆ ಎಲೆಯಲ್ಲಿ ಮುಳ್ಳಿರುವುದರಿಂದ ಅದನ್ನು ನಮ್ಮ ಕೈಗೆ ಕೊಡುತ್ತಿರಲಿಲ್ಲ. ಮುಳ್ಳು ತೆಗೆದು, ಬೆಂಕಿಗೆ ಹಿಡಿದು ಬಾಡಿಸಿದ ಮೇಲೆ ಸುರುಳಿ ಸುತ್ತಲು ಮಾತ್ರ ಕರೆಯುತ್ತಿದ್ದರು.

ಚಿಕ್ಕ ಎಲೆಗಳು ಉಳಿಯುತ್ತಿದ್ದವು. ಅವು ಮಕ್ಕಳ ಪಾಲು. ಅವುಗಳಲ್ಲಿ ನಾವು ಸಣ್ಣ ಕೊಟ್ಟೆ ಕಟ್ಟಿ, ಗುರುತಿಗೆ ಒಂದು ಕಡ್ಡಿ ಹೆಚ್ಚು ಚುಚ್ಚಿಡುತ್ತಿದ್ದೆವು. ಅಮ್ಮಮ್ಮ ಅವಕ್ಕೂ ಹಿಟ್ಟು ಹೊಯ್ದು ದೊಡ್ಡವುಗಳ ಮೇಲಿಟ್ಟು ಬೇಯಿಸುತ್ತಿದ್ದರು. "ನೀ ಕಟ್ಟಿದ್ದ್ ನೀನೇ ತಿನ್ಕ್" ಎನ್ನುವುದಷ್ಟೇ ಅವರ ಕಟ್ಟಳೆ. ಕಡುಬೆಂದರೆ ಮುಖ ತಿರುಗಿಸುತ್ತಿದ್ದ ನನ್ನ ತಮ್ಮ ತನ್ನ ಗುರುತಿನ ಕೊಟ್ಟೆ ಹುಡುಕಿ, ಎಲೆ ಬಿಡಿಸಿ, ತೆಂಗಿನೆಣ್ಣೆ ಹಾಕಿಕೊಂಡು ತಿನ್ನುತ್ತಿದ್ದ. ಆಮೇಲೆ ದೊಡ್ಡದೊಂದನ್ನೂ ಕೇಳುತ್ತಿದ್ದ.

ಬೇಸಗೆಯಲ್ಲಿ ಇದೇ ಕ್ರಮ ಹಲಸಿನಕಾಯಿ ಹಪ್ಪಳಕ್ಕೆ. ಬೇಯಿಸಿದ ತೊಳೆಯನ್ನು ಉಪ್ಪು, ಮೆಣಸು, ಜೀರಿಗೆ ಹಾಕಿ ಒರಳಲ್ಲಿ ಜಜ್ಜಿ ಉಂಡೆ ಕಟ್ಟಿದ ಮೇಲೆ, ಎಣ್ಣೆ ಸವರಿದ ಬಾಳೆ ಎಲೆಗಳ ನಡುವೆ ಇಟ್ಟು ಮಣೆಯಿಂದ ಒತ್ತುವುದು ನಮ್ಮ ಕೆಲಸ. ಚಾಪೆಯ ಮೇಲೆ ಹರವಿ ಕಾಗೆ ಕಾಯುವುದೂ ನಮ್ಮದೇ. ಕಾಯುತ್ತಾ ಹಸಿ ಹಿಟ್ಟು ತಿನ್ನುವುದಕ್ಕೆ ಯಾರ ಅಡ್ಡಿಯೂ ಇರಲಿಲ್ಲ. ಒತ್ತುವಾಗ ಜಾರಿ ಸೊಟ್ಟಗಾದ ಹಪ್ಪಳವನ್ನು ಅಮ್ಮಮ್ಮ ಎಸೆಯುತ್ತಿರಲಿಲ್ಲ, ಒಣಗಿಸಿ ಬೇರೆ ಕಟ್ಟಿಡುತ್ತಿದ್ದರು. ಅದರ ಬೆಲೆ ಗೊತ್ತಾಗುತ್ತಿದ್ದದ್ದು ಆಸಾಡಿಯಲ್ಲಿ. ಮಳೆ ಹಿಡಿದು ಕೂತ ತಿಂಗಳು. ಹಿತ್ತಿಲಲ್ಲಿ ತರಕಾರಿ ಇಲ್ಲ, ಸಮುದ್ರಕ್ಕೆ ದೋಣಿ ಇಳಿಯದು, ಮಧ್ಯಾಹ್ನಕ್ಕೆ ಕುಚ್ಚಲಕ್ಕಿ ಗಂಜಿಯೇ ಗತಿ. ಗಂಜಿ ಬೇಡವೆಂದ ಮಗುವಿನ ಮುಂದೆ ಅದು ತಾನೇ ಒತ್ತಿದ ಸೊಟ್ಟ ಹಪ್ಪಳ ಕೆಂಡದಲ್ಲಿ ಸುಟ್ಟು ಇಟ್ಟರೆ ತಟ್ಟೆ ಖಾಲಿಯಾಗುತ್ತಿತ್ತು.

ಶಾಲೆಯ ಊಟದ ಕಥೆ ಬೇರೆ. ನಾವು ಓದುವಾಗ ಅಮೆರಿಕದ ಕೇರ್ ಸಂಸ್ಥೆಯ ನೆರವಿನ ಗೋಧಿ ನುಚ್ಚಿನ ಸಜ್ಜಿಗೆ ಇತ್ತು. ಒಲೆಗೆ ಪುರಳೆ ಆಯ್ದು ತರುವುದು ಮಕ್ಕಳ ಕೆಲಸ. ಬಿಸಿಯೂಟದ ಅಕ್ಷರ ದಾಸೋಹ 2002ರಲ್ಲಿ ಈಶಾನ್ಯ ಕರ್ನಾಟಕದ ಜಿಲ್ಲೆಗಳಲ್ಲಿ ಶುರುವಾಗಿ 2003ರಲ್ಲಿ ನಮ್ಮಲ್ಲಿಗೂ ಬಂತು. ಅದರ ಉಪಕಾರ ದೊಡ್ಡದು, ಹಸಿದು ಪಾಠ ಕೇಳುವ ಮಕ್ಕಳನ್ನು ನಾನು ಕಂಡಿದ್ದೇನೆ. ಆದರೆ ಕುದಿಯುವ ದೊಡ್ಡ ಪಾತ್ರೆಗಳ ಹತ್ತಿರ ಮಕ್ಕಳನ್ನು ಬಿಡುವಂತಿಲ್ಲ, ಬಿಡಲೂ ಬಾರದು. ಊಟ ಯಾರೋ ಬಡಿಸುವ ವಸ್ತುವಾಯಿತು. ಮನೆಯಲ್ಲಿ ಕುಚ್ಚಲಕ್ಕಿ ಉಂಡು ಬೆಳೆದ ಮಕ್ಕಳಿಗೆ ಶಾಲೆಯ ಬೆಳ್ತಿಗೆ ಅನ್ನ ಒಗ್ಗುತ್ತಿರಲಿಲ್ಲ. ಕುಚ್ಚಲಕ್ಕಿ ಕೊಡಿ ಎಂಬ ಕರಾವಳಿಯ ಬೇಡಿಕೆ ಹಳೆಯದು, ನ್ಯಾಯವಾದದ್ದು.

ಮನೆಯೂ ಬದಲಾಯಿತು. ಒರಳಿನ ಜಾಗಕ್ಕೆ ಗ್ರೈಂಡರ್ ಬಂತು, ಹಪ್ಪಳ ಅಂಗಡಿಯಿಂದ ಬಂತು, ಕಟ್ಟಿದ ಕೊಟ್ಟೆಯೇ ಹಬ್ಬದ ಮುಂಚೆ ಪೇಟೆಯಲ್ಲಿ ಮಾರಾಟಕ್ಕೆ ಸಿಗುತ್ತದೆ. ಅಡುಗೆಯಿಂದಲೇ ಹೆಸರಾದ ಊರು ನಮ್ಮದು. 1924ರಲ್ಲಿ ಬೆಂಗಳೂರಿನಲ್ಲಿ ಶುರುವಾಗಿ ಮುಂದೆ ಎಂಟಿಆರ್ ಎನಿಸಿದ ಹೋಟೆಲಿನ ಮಯ್ಯ ಸಹೋದರರು ಕೋಟದ ಪಕ್ಕದ ಪಾರಂಪಳ್ಳಿಯವರು. ಎರಡನೇ ಮಹಾಯುದ್ಧದ ಕಾಲದಲ್ಲಿ ಅಕ್ಕಿ ಸಿಗದಾದಾಗ ರವೆಯಲ್ಲಿ ಇಡ್ಲಿ ಮಾಡಿ ತೋರಿಸಿದ ಅಡುಗೆಮನೆ ಅದು. ಅಂಥ ಸೀಮೆಯ ಮಕ್ಕಳು ಈಗ ಮೊಬೈಲ್ ನೋಡುತ್ತಾ ಬಾಯಿಗೆ ತುತ್ತು ಹಾಕಿಸಿಕೊಳ್ಳುವುದು ನನಗೆ ನಿಜಕ್ಕೂ ದುಃಖದ ವಿಷಯ.

ಕೊಟ್ಟೆ ಕಟ್ಟಲು ಒಲೆ ಬೇಡ, ಚೂರಿ ಬೇಡ. ಶಾಲೆಯ ಅಂಗಳದಲ್ಲಿ, ಇಲ್ಲವೇ ಪಕ್ಕದ ಹಿತ್ತಿಲಲ್ಲಿ ಹಲಸಿನ ಮರ ಇದ್ದೇ ಇರುತ್ತದೆ. ಅಷ್ಟಮಿಯ ವಾರದಲ್ಲಿ ಒಂದು ಮಧ್ಯಾಹ್ನ ಮಕ್ಕಳಿಂದ ಎಲೆ ಚುಚ್ಚಿಸಿ. ಹಿಟ್ಟು ಹೊಯ್ದು ಬೇಯಿಸುವುದನ್ನು ದೊಡ್ಡವರು ನೋಡಿಕೊಳ್ಳಲಿ. ಮನೆಯವರೂ ಅಷ್ಟೇ: ಪೇಟೆಯಿಂದ ಕೊಟ್ಟೆ ತಂದರೂ ಚಿಕ್ಕ ಎಲೆ ನಾಲ್ಕನ್ನು ಮಗುವಿನ ಕೈಗೆ ಕೊಡಿ, ಅದು ಕಟ್ಟಿದ ಕೊಟ್ಟೆಗೆ ಅದರದ್ದೇ ಗುರುತು ಇಡಲು ಬಿಡಿ.