ಗಾಜಿನ ಪೆಟ್ಟಿಗೆಯೊಳಗಿನ ಬಿಸಿಲು

ಭಾಗ 1
ಬೇರ್ಡೆಡ್ ಡ್ರ್ಯಾಗನ್ ಅನ್ನೋ ಹೆಸರು ಕೇಳಿ ಹೆದರಬೇಡಿ. ನಮ್ಮ ಬೇಲಿ ಮೇಲೆ ಕೂತು ತಲೆ ಆಡಿಸುತ್ತಲ್ಲ ಓತಿಕ್ಯಾತ, ಅದರ ದೂರದ ನೆಂಟ ಇದು. ಎರಡೂ ಅಗಮಿಡೇ ಅನ್ನೋ ಒಂದೇ ಕುಟುಂಬದವು. ಆಸ್ಟ್ರೇಲಿಯದ ಒಳನಾಡಿನ ಒಣ ಬಯಲಲ್ಲಿ ಇದೂ ಬೇಲಿ ಗೂಟ ಹತ್ತಿ ಬಿಸಿಲು ಕಾಯಿಸುತ್ತೆ. "ಓತಿಕ್ಯಾತಕ್ಕೆ ಬೇಲಿ ಗೂಟ ಸಾಕ್ಷಿ" ಅಂತ ನಾವು ಗಾದೆ ಮಾಡಿ ನಗ್ತೀವಿ. ಆದರೆ ಆ ಗೂಟದ ಮೇಲೆ ಅದು ಸುಮ್ಮನೆ ಕೂತಿರಲ್ಲ, ಮೂಳೆ ಕಟ್ಟಿಕೊಳ್ತಾ ಇರುತ್ತೆ. ಈ ಒಂದು ವಿಷಯ ಪ್ರಾಣಿ ಸಾಕುವವರ ಮನೆವರೆಗೂ ತಲುಪೋಕೆ ಹೆಚ್ಚುಕಮ್ಮಿ ನೂರು ವರ್ಷ ಹಿಡೀತು ಅಂದ್ರೆ ನಂಬ್ತೀರಾ?

ಭಾಗ 2
ಕಥೆ ಶುರುವಾಗೋದು ಹಲ್ಲಿಯಿಂದಲ್ಲ, ಸಿಂಹದಿಂದ. 1880ರ ದಶಕದಲ್ಲಿ ಲಂಡನ್ ಮೃಗಾಲಯದ ಸಿಂಹದ ಮರಿಗಳಿಗೆ ರಿಕೆಟ್ಸ್. ಕಾಲು ಸೊಟ್ಟ, ಮೂಳೆ ಮೆತ್ತಗೆ, ಕೊನೆಗೆ ಸಾವು. ತಿನ್ನೋಕೆ ಕೊಡ್ತಿದ್ದದ್ದು ಕೊಬ್ಬಿಲ್ಲದ ಕುದುರೆ ಮಾಂಸ. 1889ರಲ್ಲಿ ಜಾನ್ ಬ್ಲ್ಯಾಂಡ್-ಸಟನ್ ಅನ್ನೋ ಶಸ್ತ್ರವೈದ್ಯರು ಪುಡಿ ಮಾಡಿದ ಮೂಳೆ ಮತ್ತು ಕಾಡ್ ಮೀನಿನ ಎಣ್ಣೆ ಸೇರಿಸಿ ಅಂದರು. ಮರಿಗಳು ಚೇತರಿಸಿಕೊಂಡವು. ಯಾಕೆ ಅಂತ ಮಾತ್ರ ಯಾರಿಗೂ ಗೊತ್ತಿರಲಿಲ್ಲ.

ಉತ್ತರದ ಅರ್ಧ ಭಾಗ ಬಂದದ್ದು ಬರ್ಲಿನ್‌ನಿಂದ. ಮೊದಲ ಮಹಾಯುದ್ಧ ಮುಗಿದ ಮೇಲೆ, ಹಸಿವಲ್ಲಿ ಬೆಳೆದ ಮಕ್ಕಳು ಅಲ್ಲಿ ತುಂಬಾ ಇದ್ದರು. ಕುರ್ಟ್ ಹುಲ್ಡ್‌ಶಿನ್ಸ್ಕಿ ಅನ್ನೋ ಮಕ್ಕಳ ವೈದ್ಯರು 1919ರಲ್ಲಿ ರಿಕೆಟ್ಸ್ ಇದ್ದ ಮಕ್ಕಳನ್ನ ಪಾದರಸದ ದೀಪದ ಕೆಳಗೆ ಕೂರಿಸಿದರು. ಆ ದೀಪದಿಂದ ಬರೋದು ನೇರಳಾತೀತ ಕಿರಣ. ಮೂಳೆ ಗಟ್ಟಿಯಾಯ್ತು. ಇನ್ನೂ ವಿಚಿತ್ರ ಏನು ಗೊತ್ತಾ? ಒಂದೇ ತೋಳಿಗೆ ಬೆಳಕು ಬಿಟ್ಟರೂ ಎರಡೂ ತೋಳಿನ ಮೂಳೆ ವಾಸಿಯಾಗ್ತಿತ್ತು. ಅಂದ್ರೆ ಚರ್ಮದಲ್ಲಿ ಏನೋ ತಯಾರಾಗಿ ರಕ್ತದಲ್ಲಿ ಮೈಯೆಲ್ಲಾ ಓಡಾಡ್ತಿದೆ. ಆ "ಏನೋ"ಗೆ 1922ರಲ್ಲಿ ವಿಟಮಿನ್ ಡಿ ಅಂತ ಹೆಸರು ಬಿತ್ತು.

ಭಾಗ 3
ಈಗ ನನಗೆ ತುಂಬಾ ಇಷ್ಟವಾದ ವ್ಯಕ್ತಿ: ಜೋನ್ ಪ್ರಾಕ್ಟರ್. ಹುಡುಗಿಯಾಗಿದ್ದಾಗಲೇ ಹಾವು, ಹಲ್ಲಿ, ಮೊಸಳೆ ಮರಿ ಸಾಕಿದವಳು. ಜೀವನಪೂರ್ತಿ ಕಾಯಿಲೆ. ಆದರೂ ಲಂಡನ್ ಮೃಗಾಲಯದ ಸರೀಸೃಪ ವಿಭಾಗದ ಮುಖ್ಯಸ್ಥೆಯಾದಳು, ಕೊಮೊಡೋ ಡ್ರ್ಯಾಗನ್ ಜೊತೆ ವಾಕಿಂಗ್ ಹೋಗ್ತಿದ್ದಳು. 1927ರಲ್ಲಿ ತೆರೆದ ಸರೀಸೃಪ ಭವನದ ಯೋಜನೆ ಅವಳದ್ದೇ. ಪೆಟ್ಟಿಗೆಯ ಒಂದೊಂದು ಜಾಗಕ್ಕೆ ಒಂದೊಂದು ಬಿಸಿ ಸಿಗೋ ಹಾಗೆ ವಿದ್ಯುತ್ ವ್ಯವಸ್ಥೆ, ಜೊತೆಗೆ ನೇರಳಾತೀತ ಕಿರಣವನ್ನ ಒಳಗೆ ಬಿಡೋ ವಿಶೇಷ ಗಾಜು. ಯಾಕಂದ್ರೆ ಮಾಮೂಲಿ ಗಾಜು ಬೆಳಕನ್ನ ಬಿಡುತ್ತೆ, ಮೂಳೆಗೆ ಬೇಕಾದ ಯುವಿಬಿ ಕಿರಣವನ್ನ ಹೆಚ್ಚುಕಮ್ಮಿ ಪೂರ್ತಿ ತಡೆಯುತ್ತೆ. 1931ರಲ್ಲಿ ತೀರಿಕೊಂಡಾಗ ಅವಳಿಗೆ ಬರೀ 34 ವರ್ಷ.

ಆ ಭವನ ತೆರೆಯೋ ಹಿಂದಿನ ವರ್ಷವೇ, 1926ರಲ್ಲಿ, ಜರ್ಮನ್ ಪ್ರಾಣಿಶಾಸ್ತ್ರಜ್ಞ ಅರ್ನ್ಸ್ಟ್ ಆಲ್ ನಮ್ಮ ಕಥಾನಾಯಕನಿಗೆ ವೈಜ್ಞಾನಿಕ ಹೆಸರು ಕೊಟ್ಟಿದ್ದ. ಇವತ್ತು ಅದನ್ನ ಪೊಗೊನಾ ವಿಟಿಸೆಪ್ಸ್ ಅಂತೀವಿ. ಹೆಸರು, ಜ್ಞಾನ ಎರಡೂ ರೆಡಿ. ಆದರೆ ಅದು ಮನೆಗಳಿಗೆ ಬಂದದ್ದು ಐವತ್ತು ವರ್ಷ ಬಿಟ್ಟು, ಅದೂ ನೆಟ್ಟಗಿನ ದಾರೀಲಲ್ಲ. ಆಸ್ಟ್ರೇಲಿಯ ತನ್ನ ಸರೀಸೃಪಗಳನ್ನ ವ್ಯಾಪಾರಕ್ಕೆ ಹೊರಗೆ ಕಳಿಸಲ್ಲ. ಹೊರದೇಶಗಳಲ್ಲಿ ಇರೋ ಸಾಕು ಡ್ರ್ಯಾಗನ್‌ಗಳು ಬಹುಪಾಲು 1970ರಿಂದ 90ರ ದಶಕದ ನಡುವೆ ಕದ್ದು ಸಾಗಿಸಿದವುಗಳ ಸಂತಾನ. ಪ್ರಾಣಿ ಗಡಿ ದಾಟಿತು, ಬಿಸಿಲು ದಾಟಲಿಲ್ಲ. ಗಾಜಿನ ತೊಟ್ಟಿ, ಮೇಲೊಂದು ಮಾಮೂಲಿ ಬಲ್ಬು, ಅಷ್ಟೇ. ಬಿಸಿ ಸಿಗ್ತಿತ್ತು, ಯುವಿಬಿ ಸಿಗ್ತಿರಲಿಲ್ಲ. ಸಿಂಹದ ಮರಿಗಳಿಗೆ ಆದದ್ದೇ ಇವಕ್ಕೂ ಆಯ್ತು. ಸರೀಸೃಪಗಳಿಗೆ ಅಂತಲೇ ಯುವಿಬಿ ಟ್ಯೂಬ್‌ಗಳು ಅಂಗಡಿಗೆ ಬಂದದ್ದು 1990ರ ದಶಕದಲ್ಲಿ.

ಭಾಗ 4
"ಟ್ಯೂಬ್ ಯಾಕೆ, ವಿಟಮಿನ್ ಪುಡಿ ಹಾಕಿದ್ರೆ ಸಾಲದಾ?" ಅಂತ ಕೇಳಬಹುದು. 2010ರಲ್ಲಿ ನೆದರ್ಲೆಂಡ್ಸ್‌ನ ಸಂಶೋಧಕರು 84 ಮರಿಗಳ ಮೇಲೆ ಇದನ್ನೇ ಪರೀಕ್ಷೆ ಮಾಡಿದರು. ದಿನಕ್ಕೆ 2 ಗಂಟೆ ಯುವಿಬಿ ಸಿಕ್ಕ ಮರಿಗಳ ರಕ್ತದಲ್ಲಿದ್ದ ವಿಟಮಿನ್ ಡಿ ಮಟ್ಟ, ಬಾಯಿಂದ ಡಿ3 ತಗೊಂಡ ಮರಿಗಳಿಗಿಂತ ಹಲವು ಪಟ್ಟು ಜಾಸ್ತಿ. ಪುಡಿ ಬೇಕು, ಆದರೆ ಅದು ಬಿಸಿಲಿಗೆ ಬದಲಿ ಅಲ್ಲ.

ಆದ್ದರಿಂದ ಸಾಕುವವರು ನೋಡಿ: ಉದ್ದದ ಟ್ಯೂಬ್ ಹಾಕಿ, ನಡುವೆ ಗಾಜು ಪ್ಲಾಸ್ಟಿಕ್ ಏನೂ ಬೇಡ. ಬಿಸಿಲು ಕಾಯೋ ಕಲ್ಲಿನ ಹತ್ರ 40 ಡಿಗ್ರಿ ಆಸುಪಾಸು, ಇನ್ನೊಂದು ತುದಿ ತಂಪು. ಪ್ರಾಕ್ಟರ್ ಮಾಡಿದ್ದೂ ಇದನ್ನೇ. ಹುಳುಗಳಿಗೆ ಕ್ಯಾಲ್ಸಿಯಂ ಪುಡಿ ಹಚ್ಚಿ ಕೊಡಿ. ದೊಡ್ಡದಾದ ಮೇಲೆ ಸೊಪ್ಪೇ ಜಾಸ್ತಿ ಇರಲಿ, ಪಾಲಕ್ ಮಾತ್ರ ದಿನಾ ಬೇಡ, ಅದರ ಆಕ್ಸಲೇಟ್ ಕ್ಯಾಲ್ಸಿಯಂ ಹಿಡಿದಿಟ್ಟುಕೊಳ್ಳುತ್ತೆ. ಮಳೆಗಾಲದಲ್ಲಿ ಮಿಂಚುಹುಳ ಮನೆಯೊಳಗೆ ಬಂದ್ರೆ ಹುಷಾರು! ಅದನ್ನ ತಿಂದು ಡ್ರ್ಯಾಗನ್‌ಗಳು ಸತ್ತ ಪ್ರಕರಣಗಳು 1999ರಲ್ಲೇ ವೈಜ್ಞಾನಿಕವಾಗಿ ದಾಖಲಾಗಿವೆ. ನಮ್ಮ ಕಡೆ ಬಿಸಿಲಿಗೇನು ಬರ ಇಲ್ಲ, ಬೆಳಗಿನ ಹೊತ್ತು ಹೊರಗೆ ಕರ್ಕೊಂಡು ಹೋಗಿ, ಆದರೆ ಪಕ್ಕದಲ್ಲಿ ನೆರಳಿರಲಿ, ಕಾಗೆ ಹದ್ದಿನ ಮೇಲೆ ಕಣ್ಣಿರಲಿ. ಗಾಜಿನ ತೊಟ್ಟಿ ಸಮೇತ ಬಿಸಿಲಲ್ಲಿ ಇಟ್ಟರೆ ಬೆಂದೇ ಹೋಗುತ್ತೆ.

ಇದನ್ನ "ಹೊಸಬರಿಗೆ ಸುಲಭದ ಪೆಟ್" ಅಂತ ಮಾರೋದು ನನಗೆ ಒಪ್ಪಿಗೆ ಇಲ್ಲ. ಇದು ನೋವನ್ನ ತೋರಿಸಿಕೊಳ್ಳೋದು ತೀರಾ ತಡವಾಗಿ. ಬೆರಳು ನಡುಗೋದು, ಕಾಲು ಊದೋದು, ದವಡೆ ಮೆತ್ತಗಾಗೋದು ಕಂಡರೆ ಸರೀಸೃಪ ನೋಡೋ ವೈದ್ಯರ ಹತ್ರ ಅವತ್ತೇ ಹೋಗಿ.

ಬಿ.ಕಾಂ. ಓದ್ತಿರೋಳು ಲೆಕ್ಕ ಹೇಳದೆ ಹೋಗಲ್ಲ. ಈ ಟ್ಯೂಬ್‌ಗೂ ಸವಕಳಿ ಇದೆ, ಕಣ್ಣಿಗೆ ಕಾಣಲ್ಲ ಅಷ್ಟೇ. ಬೆಳಕು ಹಾಗೇ ಉರೀತಿರುತ್ತೆ, ಯುವಿಬಿ ತಿಂಗಳು ತಿಂಗಳೂ ಇಳೀತಿರುತ್ತೆ. ಕಂಪನಿ ಹೇಳಿದ ಹಾಗೆ 6 ಅಥವಾ 12 ತಿಂಗಳಿಗೆ ಬದಲಿಸಬೇಕು. ನಿಮ್ಮ ಟ್ಯೂಬ್ ಮೇಲೆ ಹಾಕಿದ ತಾರೀಕು ಬರೆದಿದ್ದೀರಾ?