ತಂಪು: ಪದ, ಅರ್ಥ ಮತ್ತು ಜನಪದ ಬಳಕೆ

ಶೈತ್ಯವನ್ನು ಸೂಚಿಸುವ ಪದಗಳು ಕನ್ನಡದಲ್ಲಿ ಹಲವಿವೆ. ಚಳಿ, ಶೀತ, ಥಂಡಿ, ತಂಪು ಇವುಗಳಲ್ಲಿ ಮುಖ್ಯವಾದವು. ಇವನ್ನು ಪರಸ್ಪರ ಪರ್ಯಾಯಪದಗಳೆಂದು ಭಾವಿಸುವುದು ಸರಿಯಲ್ಲ. ಚಳಿ ಮೈಯನ್ನು ನಡುಗಿಸುತ್ತದೆ. ಶೀತ, ಥಂಡಿಗಳು ಬಾಧೆಯಾಗಿ ಬರುತ್ತವೆ. ತಂಪು ಮಾತ್ರ ಮನುಷ್ಯನು ಬಯಸಿ ಪಡೆಯುವ ಸ್ಥಿತಿ.

ಹಳಗನ್ನಡದ 'ತಣ್ಪು' ಎಂಬುದೇ ಇಂದಿನ 'ತಂಪು'. ಇದರ ಮೂಲವಾದ 'ತಣ್' ದ್ರಾವಿಡ ಭಾಷೆಗಳಿಗೆ ಸಮಾನವಾದುದು. ಬರೋ ಮತ್ತು ಎಮಿನೊ ಅವರು 1961ರಲ್ಲಿ ಪ್ರಕಟಿಸಿದ ದ್ರಾವಿಡ ಜ್ಞಾತಿಪದಕೋಶವು ಈ ಬಾಂಧವ್ಯವನ್ನು ದಾಖಲಿಸಿದೆ. ತಣ್ಣೀರು, ತಂಗಾಳಿ, ತಂಗಳು ಮೊದಲಾದ ಪದಗಳು ಇದೇ ಮೂಲದವು. ಇದರಿಂದಲೇ ಹುಟ್ಟಿದ 'ತಣಿ' ಎಂಬ ಧಾತುವಿಗೆ ತಂಪಾಗು ಎಂಬುದರ ಜೊತೆಗೆ ತೃಪ್ತಿ ಹೊಂದು ಎಂಬ ಅರ್ಥವೂ ಇದೆ. ತಮಿಳಿನಲ್ಲಿ 'ತಣ್ಣಳಿ' ಎಂದರೆ ಕರುಣೆ. ಇಂದ್ರಿಯದ ಅನುಭವವೊಂದು ತೃಪ್ತಿಯ, ಕಾರುಣ್ಯದ ವಾಚಕವಾಗಿ ಬೆಳೆದಿರುವುದು ಇಲ್ಲಿ ಗಮನಾರ್ಹ.

ಈ ಅರ್ಥವಿಸ್ತಾರ ಜನಪದರ ಆಡುಮಾತಿನಲ್ಲಿ ಜೀವಂತವಾಗಿದೆ. 'ನಿನ್ನ ಹೊಟ್ಟೆ ತಣ್ಣಗಿರಲಿ' ಎಂಬುದು ಹಿರಿಯರು ಹೆಣ್ಣುಮಕ್ಕಳಿಗೆ ನೀಡುವ ಹರಕೆ. ಇಲ್ಲಿ ಹೊಟ್ಟೆಯೆಂದರೆ ಹಡೆದ ಮಕ್ಕಳು, ಸಂತಾನ. ಇದಕ್ಕೆ ಎದುರಾದುದು 'ಹೊಟ್ಟೆ ಉರಿ', ಎಂದರೆ ಅಸೂಯೆ. ಹೀಗೆ ಕ್ಷೇಮ ತಂಪಿನ ಕಡೆಗೂ ಕೇಡು ಉರಿಯ ಕಡೆಗೂ ಹಂಚಿಕೆಯಾಗಿವೆ.

ಗ್ರಾಮದೇವತೆಗಳ ಆರಾಧನೆಯಲ್ಲಿ ಈ ಹಂಚಿಕೆಯೇ ಆಚರಣೆಯ ರೂಪ ತಾಳುತ್ತದೆ. ಸಿಡುಬನ್ನು ಜನರು 'ಅಮ್ಮ' ಎಂದು ಕರೆದರು; ಮೈಮೇಲಿನ ಬೊಕ್ಕೆಗಳನ್ನು ಮಾರಮ್ಮನ ಉಗ್ರತೆಯ ಗುರುತೆಂದು ತಿಳಿದರು. ಬೇವಿನ ಸೊಪ್ಪು, ಮೊಸರನ್ನ, ನೀರುಗಳು ದೇವಿಯನ್ನೂ ರೋಗಿಯನ್ನೂ ಒಟ್ಟಿಗೆ ತಂಪುಗೊಳಿಸುವ ಸಾಧನಗಳಾದವು. ಉತ್ತರ ಭಾರತದಲ್ಲಿ ಇದೇ ರೋಗದ ದೇವಿಗೆ 'ಶೀತಲಾ' ಎಂದೇ ಹೆಸರು. 1980ರಲ್ಲಿ ಸಿಡುಬಿನ ನಿರ್ಮೂಲನೆಯನ್ನು ವಿಶ್ವ ಆರೋಗ್ಯ ಸಂಸ್ಥೆ ಘೋಷಿಸಿತು. ರೋಗ ಅಳಿದರೂ ದೇವಿಯನ್ನು ತಂಪುಗೊಳಿಸುವ ಆಚರಣೆ ಉಳಿದಿದೆ. ತಂಪು ಕೇವಲ ಚಿಕಿತ್ಸೆಯಾಗಿರದೆ ಊರಿನ ಕ್ಷೇಮದ ಪರಿಕಲ್ಪನೆಯಾಗಿತ್ತು ಎಂಬುದಕ್ಕೆ ಇದೇ ಸಾಕ್ಷಿ.

ಆದರೆ ಈ ತಂಪಿಗೂ ಒಂದು ಮಿತಿ ಇದೆ. 'ಮೈ ತಣ್ಣಗಾಯಿತು' ಎಂಬ ಮಾತು ಮರಣವನ್ನು ಸೂಚಿಸುತ್ತದೆ. ಬದುಕಿಗೆ ಕಾವೂ ಬೇಕು. ಅದು ಉರಿಯಾಗದಂತೆ ಕಾಯುವುದು ತಂಪಿನ ಕೆಲಸ.

ಆಧುನಿಕ ಗದ್ಯದಲ್ಲಿ ಈ ಪದಕುಟುಂಬಕ್ಕೆ ಬೇರೊಂದು ಛಾಯೆ ಸೇರಿದೆ. 'ತಣ್ಣನೆಯ ಪ್ರತಿಕ್ರಿಯೆ', 'ತಣ್ಣನೆಯ ಕ್ರೌರ್ಯ' ಎಂಬ ಪ್ರಯೋಗಗಳಲ್ಲಿ ಅದು ನಿರ್ಭಾವವನ್ನು, ಅನಾದರವನ್ನು ಸೂಚಿಸುತ್ತದೆ. ಇಲ್ಲಿ ಇಂಗ್ಲಿಷಿನ ಪ್ರಭಾವ ಸ್ಪಷ್ಟ. ಭಾಷೆಯ ಬೆಳವಣಿಗೆಯಲ್ಲಿ ಇದು ಸಹಜವೇ. ಆದರೆ ಈ ಹೊಸ ಅರ್ಥವನ್ನು ಜನಪದ ಪಠ್ಯಗಳ ಮೇಲೆ ಆರೋಪಿಸಿದರೆ ಹರಕೆಯೇ ಶಾಪವಾಗಿ ಕೇಳಿಸೀತು. ತಣ್ಣಗಿರುವುದೆಂದರೆ ಜನಪದರಿಗೆ ಪ್ರೀತಿ ಬತ್ತಿದ ಸ್ಥಿತಿಯಲ್ಲ. ಪ್ರೀತಿ ತಣಿದು ನೆಲೆನಿಂತ ಸ್ಥಿತಿ. ನಿಘಂಟುಕಾರರೂ ಪಠ್ಯ ಸಂಪಾದಕರೂ ಈ ಭೇದವನ್ನು ಕಾಯ್ದುಕೊಳ್ಳುವುದು ಅಗತ್ಯ.